ಎಸ್ಪೆರಾನ್ಸ್ ಮೇಡಂ ಅವರ ಅಂಗೈ

ನಮ್ಮ ಹಡಗಿನ ಕ್ಯಾಸಿನೊದಲ್ಲಿ ಇಸ್ಪೀಟು ಹಂಚುವವರು ಮೇಜು ಬಿಟ್ಟು ಏಳುವಾಗ ಒಮ್ಮೆ ಚಪ್ಪಾಳೆ ತಟ್ಟಿ, ಎರಡೂ ಅಂಗೈಗಳನ್ನು ಮೇಲಿನ ಕ್ಯಾಮೆರಾಗೆ ತೋರಿಸಬೇಕು. ಏನೂ ಕದ್ದಿಲ್ಲ ಎಂಬುದಕ್ಕೆ ಅದೇ ಸಾಕ್ಷಿ. ನನಗೆ ಇದನ್ನು ಕಲಿಸಿದವರು ಎಸ್ಪೆರಾನ್ಸ್ ಮೇಡಂ. ಗೋವಾದ ದಿವಾರ್ ದ್ವೀಪದವರು, ಇಸ್ಪೀಟು ಹಂಚುತ್ತಲೇ ಮ್ಯಾನೇಜರ್ ಆದವರು.

ಅವರ ದನಿ ಏರಿದ್ದನ್ನು ನಾವ್ಯಾರೂ ಕೇಳಿರಲಿಲ್ಲ. ಕುಡಿದ ಗಿರಾಕಿ ಗ್ಲಾಸು ಒಡೆದರೆ, "ಕೈಗೇನೂ ಆಗ್ಲಿಲ್ಲ ತಾನೇ?" ಎಂದು ವಿಚಾರಿಸುವರು. ತಪ್ಪು ಮಾಡಿದವರನ್ನು ಎಲ್ಲರೆದುರು ಬೈಯದೆ, ಒಳಗೆ ಕರೆದು ಚಹಾ ಕುಡಿಸಿ ತಿದ್ದುವರು. ನಮ್ಮನ್ನೆಲ್ಲ ಕೊಂಕಣಿಯಲ್ಲಿ 'ಪುತಾ', ಮಗನೇ, ಎಂದೇ ಕರೆಯುವರು. ನಮಗಂತೂ ಅವರೆಂದರೆ ಪ್ರಾಣ.

ಕೊಲ್ಹಾಪುರದ ಮಾನೆ ಸಾಹೇಬರು ನಮ್ಮ ಹಳೆಯ ಗಿರಾಕಿ. ಒಂದು ಸಂಜೆ ನನ್ನ ಮೇಜಿನಲ್ಲಿ ಸೋಲುತ್ತಲೇ ಹೋದರು.

"ಮೇಡಂ, ಇವರನ್ನ ಮನೆಗೆ ಕಳಿಸ್ಬಿಡಿ," ಎಂದು ಪಿಸುಗುಟ್ಟಿದೆ. "ಮದುವೆ ಉಂಗುರಾನೂ ಬಿಚ್ಚಿಟ್ರು."

"ಆಡೋದು ಬಿಡೋದು ಅವರಿಷ್ಟ, ಪುತಾ. ನೀನು ನಗ್ತಾ ಎಲೆ ಹಾಕು."

ಅವರಿಗಿಷ್ಟವಾದ ಹುರಿದ ಸಿಗಡಿಯನ್ನೂ ಮೇಡಂ ತರಿಸಿಕೊಟ್ಟರು. ಮಾನೆಯವರು ತಟ್ಟೆ ಖಾಲಿ ಮಾಡಿ, ಮೇಡಂಗೆ ಕೈಮುಗಿದು ದಡಕ್ಕೆ ಹೋಗುವ ದೋಣಿ ಹತ್ತಿದರು. ಮರುದಿನ ಮಾಂಡವಿ ನದಿಯಲ್ಲಿ ಮೀನುಗಾರರಿಗೆ ಅವರ ಹೆಣ ಸಿಕ್ಕಿತು.

ಅಂದಿನಿಂದ ಮೇಡಂ ಎಲ್ಲೆಂದರಲ್ಲಿ ಕೈ ತೋರಿಸತೊಡಗಿದರು. ಊಟ ಮಾಡಿ ಎದ್ದರೆ ಒಂದು ಚಪ್ಪಾಳೆ, ಮೇಲಕ್ಕೆತ್ತಿದ ಎರಡು ಅಂಗೈ. ಹುಡುಗರು ಮುಸಿಮುಸಿ ನಕ್ಕರು. ಇಗರ್ಜಿಯಲ್ಲಿ ಭಾನುವಾರದ ಪೂಜೆ ಮುಗಿದಾಗಲೂ ಅವರು ಹಾಗೇ ಮಾಡಿದ್ದನ್ನು ಕಂಡ ಮೇಲೆ ಯಾರೂ ನಗಲಿಲ್ಲ. ಅಲ್ಲಿ ಮಾಡಿನಲ್ಲಿ ಯಾವ ಕ್ಯಾಮೆರಾ ಇತ್ತು?

ಮಳೆಗಾಲ ಕಳೆದ ಮೇಲೆ, ಹೊಸದಾಗಿ ಮದುವೆಯಾದವನೊಬ್ಬ ನನ್ನ ಮೇಜಿನಲ್ಲಿ ಉಂಗುರ ಬಿಚ್ಚಿದ. ಮೇಡಂ ನುಗ್ಗಿ ಬಂದು ಎಲೆಗಳನ್ನೆಲ್ಲ ಬಾಚಿಕೊಂಡರು.

"ಆಟ ಮುಗೀತು! ಎದ್ದು ಮನೆಗೆ ಹೋಗು!"

ಅಷ್ಟು ವರ್ಷಗಳಲ್ಲಿ ಅದೇ ಅವರ ಮೊದಲ ಕಿರುಚಾಟ. ನಮ್ಮ ಮಾಲೀಕನೆಂಬ ಪುಣ್ಯಾತ್ಮ ಆಗಲೇ ಅವರ ಲೆಕ್ಕ ಚುಕ್ತಾ ಮಾಡಿ ಕಳಿಸಿದ. ಅವರು ಹೊರಟಾಗ ನಾನು ಮೆಲ್ಲಗೆ, "ಮೇಡಂ, ಕೈ..." ಎಂದೆ.

"ಇವತ್ತು ಬೇಡ, ಪುತಾ," ಎಂದು ಕೈಬೀಸಿಕೊಂಡು ನಡೆದರು. ಉಂಗುರ ಬಿಚ್ಚಿದವನು ಅವರಿಗಿಂತ ಮೊದಲೇ ಶಾಪ ಹಾಕುತ್ತಾ ಮನೆಗೆ ಹೋಗಿದ್ದ.

ಅವರ ಕುರ್ಚಿಗೆ ಮಾಲೀಕರು ನನ್ನನ್ನು ಆರಿಸಿ, ತಮ್ಮ ಕೋಣೆಗೆ ಕರೆಸಿದರು.

"ನಿನ್ನ ದನಿ ಏರಿದ್ದು ನಾನು ಯಾವತ್ತೂ ಕೇಳಿಲ್ಲ ನೋಡು," ಎಂದು ಬೆನ್ನು ತಟ್ಟಿದರು.

ಒಳಗೆ ಭಯ, ಆದರೂ ಸಂಬಳ ನೆನೆದು ಒಪ್ಪಿಕೊಂಡೆ. ಎದ್ದು ಬಾಗಿಲ ತನಕ ಬಂದೆ. ಅಲ್ಲಿ ನನ್ನ ಕೈಗಳು ತಾವಾಗಿಯೇ ಚಪ್ಪಾಳೆ ತಟ್ಟಿ ಮೇಲೆದ್ದವು.