ಮಳೆಗೆ ಬೈಯದ ಮನೆ

ನಮ್ಮತ್ತೆ ಮೊದಲ ಸಲ ಸಮುದ್ರ ನೋಡಿದಾಗ ಕೈ ಮುಗಿಯಲಿಲ್ಲ, ಬೆರಗಾಗಲೂ ಇಲ್ಲ. ಸಿಟ್ಟಾದರು. "ಇಷ್ಟೊಂದು ನೀರು ಇಟ್ಕಂಡು ಒಂದು ಲೋಟ ಕುಡಿಯಂಗಿಲ್ಲ ಅಂದ್ರೆ ಏನು ಬಂತಮ್ಮಿ ಭಾಗ್ಯ?" ಎಂದು ಸೆರಗಿನ ಮರಳು ಕೊಡವಿಕೊಂಡು ಮನೆ ಕಡೆ ಹೊರಟೇಬಿಟ್ಟರು.

ಅವರು ಪಾವಗಡ ತಾಲ್ಲೂಕಿನವರು, ನಿಡುಗಲ್ ಬೆಟ್ಟದ ಕೆಳಗಿನ ಊರು. ನಾನು ಮಧುಗಿರಿಯವಳು. ನನ್ನ ಗಂಡನ ಕೆಲಸ ನಮ್ಮಿಬ್ಬರನ್ನೂ ಮುಂಬಯಿಗೆ ತಂದು ಹಾಕಿತು. ಬೀಚಿನಿಂದ ಎರಡು ಗಲ್ಲಿ ಈಚೆಗೆ ನಾಲ್ಕು ಮಹಡಿಯ ಹಳೇ ಸೊಸೈಟಿ ಕಟ್ಟಡ, ಲಿಫ್ಟ್ ಇಲ್ಲ. ಮಧುಗಿರಿ ಬೆಟ್ಟ ಹತ್ತಿದವಳಿಗೆ ನಾಲ್ಕು ಮಹಡಿ ಯಾವ ಲೆಕ್ಕ ಎಂದುಕೊಂಡಿದ್ದೆ. ತರಕಾರಿ ಚೀಲ ಹಿಡಿದು ಹತ್ತಿದ ದಿನ ಆ ಜಂಬ ಇಳಿಯಿತು. ತುತ್ತತುದಿಯ ಮಹಡಿಯಲ್ಲಿ ಎರಡೇ ಮನೆ. ಒಂದು ನಮ್ಮದು, ಎದುರಿನದು ಸಿಸ್ಟರ್‌ದು.

ಸಿಸ್ಟರ್ ಎಂದರೆ ಆಸ್ಪತ್ರೆಯಲ್ಲಿ ನರ್ಸಾಗಿ ದುಡಿದು ನಿವೃತ್ತರಾದವರು. ಮಂಗಳೂರು ಕಡೆಯವರು, ಒಂಟಿ ಜೀವ. ಹರೆಯದಲ್ಲಿ ಈ ಊರಿಗೆ ಬಂದು, ರಾತ್ರಿ ಪಾಳಿ ಹಗಲು ಪಾಳಿ ಎನ್ನದೆ ದುಡಿದು, ತಾವೇ ಕೊಂಡ ಮನೆ ಅದು. ಕಟ್ಟಡದಲ್ಲಿ ಯಾರ ಮಗುವಿಗೆ ಜ್ವರ ಬಂದರೂ ಡಾಕ್ಟರಿಗಿಂತ ಮೊದಲು ಅವರ ಬೆಲ್ ಒತ್ತುತ್ತಿದ್ದರು. ಎದುರು ಮನೆಯಲ್ಲೇ ಕನ್ನಡ ಸಿಕ್ಕಿತಲ್ಲ ಎಂದು ನಾನು ಹಿರಿಹಿರಿ ಹಿಗ್ಗಿದ್ದೆ. ಮೊದಲ ಮಳೆ ಬರುವವರೆಗೆ ಆ ಹಿಗ್ಗು ಇತ್ತು.

ಆ ದಿನ ಸಮುದ್ರದ ಕಡೆಯಿಂದ ಮೋಡ ಕವಿದು, ಕಿಟಕಿ ಬಾಗಿಲು ಬಡಿದುಕೊಂಡು, ಧೋ ಎಂದು ಶುರುವಾಯಿತು. ಸಂತೋಷ ಮಿತಿಮೀರಿದರೆ ನಮ್ಮತ್ತೆಗೆ ತೆಲುಗು ಬರುತ್ತದೆ. "ವಾನ ವಚ್ಚಿಂದೇ, ಮಳೆ ಬಂತೇ!" ಎಂದು ಕೂಗಿಕೊಂಡು, ಮನೆಯ ತಪ್ಪಲೆ ಕೊಡ ಎಲ್ಲವನ್ನೂ ಬಾಲ್ಕನಿಗೆ ಸಾಗಿಸಿದರು. ಮೊದಲು ತುಂಬಿದ ಕೊಡಕ್ಕೆ ಅರಿಶಿನ ಕುಂಕುಮ ಇಟ್ಟರು. ಅದೇ ಹೊತ್ತಿಗೆ ಎದುರು ಮನೆಯ ಬಾಗಿಲು ದಡಾರನೆ ತೆರೆಯಿತು.

"ಶುರುವಾಯ್ತು ನೋಡಿ ಈ ಹಾಳು ಮಳೆ! ಎಲ್ಲಿಗಾದ್ರೂ ಹೋಗಿ ಸಾಯ್ಲಿಕ್ಕೆ ಆಗುದಿಲ್ವಾ ಇದಕ್ಕೆ?"

ಅತ್ತೆ ಕೈಯಲ್ಲಿದ್ದ ಕುಂಕುಮದ ಬಟ್ಟಲು ಹಿಡಿದುಕೊಂಡೇ ಹೊರಗೆ ಓಡಿದರು. "ಬುಡ್ತು ಅನ್ನವ್ವ, ಬುಡ್ತು ಅನ್ನು! ಮಳೆರಾಯನ್ನ ಸಾಯಿ ಅಂತೀಯಲ್ಲ, ನಾಲ್ಗೆಗೆ ಎಲುಬಿಲ್ಲ ಅಂತ ಏನು ಬೇಕಾದ್ರೂ ಅನ್ನಾದಾ?"

"ಮಳೆ ಅಂದ್ರೆ ಎಂಥ ಅಂತ ನಿಮ್ಗೆ ಗೊತ್ತುಂಟಾ ಅಜ್ಜಿ?"

"ಗೊತ್ತಿಲ್ಲ ಕಣವ್ವ. ಕಂಡಿದ್ದೇ ಕಮ್ಮಿ. ಅದ್ಕೇ ಬೈಯಲ್ಲ."

ಜಗಳ ಅಲ್ಲಿಗೇ ನಿಲ್ಲಬಹುದಿತ್ತು. ಆದರೆ "ಅಜ್ಜಿ" ಎಂದದ್ದು ಅತ್ತೆಗೆ ಚುಚ್ಚಿತು. ಇಬ್ಬರ ವಯಸ್ಸಿಗೂ ಅಂಥಾ ಅಂತರವೇನಿರಲಿಲ್ಲ. "ಇವಳೊಬ್ಳು ಹದಿನಾರರ ಹುಡುಗಿ!" ಎಂದು ಬಾಗಿಲು ಹಾಕಿಕೊಂಡರು. ಅಂದಿನಿಂದ ಎರಡು ಮನೆಗೂ ಹೋಗಿಬರುವುದು ನಿಂತಿತು. ಮೆಟ್ಟಿಲಲ್ಲಿ ಸಿಕ್ಕರೆ ನಾನು ನಗುತ್ತಿದ್ದೆ, ಸಿಸ್ಟರೂ ನಗುತ್ತಿದ್ದರು, ಅಷ್ಟೇ.

ಆ ಮಳೆಗಾಲವೇ ನಮ್ಮ ಮನೆ ಸೋರತೊಡಗಿತು. ಮೊದಲು ಹಾಲಿನ ಮೂಲೆ, ಆಮೇಲೆ ಮಲಗುವ ಕೋಣೆ, ಮುಂದಿನ ವರ್ಷ ಅಡುಗೆಮನೆ. ನಾನು ಸೊಸೈಟಿಗೆ ಹೇಳುತ್ತೇನೆ ಎಂದು ಹೊರಟೆ. ಅತ್ತೆ ಬಾಗಿಲಿಗೆ ಅಡ್ಡ ನಿಂತರು.

"ಏನಂತ ಹೇಳ್ತೀಯಾ? ಮಳೆ ಬಂದು ಕಷ್ಟ ಆಯ್ತು ಅಂತಲಾ? ಮಳೆ ಬಂದ್ರೆ ಕೇಡಲ್ಲ, ಮಗ ಉಂಡ್ರೆ ಕೇಡಲ್ಲ. ನಾಲ್ಕು ಪಾತ್ರೆ ಇಟ್ರೆ ಆಯ್ತು, ಸುಮ್ಕಿರು."

ಕೋಪ ಬಂತು. ಗಂಡನ ಮುಖ ನೋಡಿದೆ. ಅವರು ತಾಯಿಯ ಮಾತಿಗೆ ಎದುರಾಡುವ ಪೈಕಿಯಲ್ಲ, ಆಗಲೇ ತಪ್ಪಲೆ ಹುಡುಕುತ್ತಿದ್ದರು. ಅಮ್ಮ ಮಗನಿಗೆ ದೊಡ್ಡ ನಮಸ್ಕಾರ ಎಂದು ಸುಮ್ಮನಾದೆ. ಹೀಗೆ ಪ್ರತಿ ಮಳೆಗಾಲದಲ್ಲೂ ನಮ್ಮ ಮನೆಯೊಳಗೆ ಪಾತ್ರೆಗಳು ಅಲ್ಲಲ್ಲಿ ಕೂರುತ್ತಿದ್ದವು. ಸೂರಿಂದ ಬಿದ್ದ ನೀರಲ್ಲಿ ಅತ್ತೆ ನೆಲ ಒರೆಸುತ್ತಿದ್ದರು. ಬಾಲ್ಕನಿಯ ಶುದ್ಧ ಮಳೆನೀರಲ್ಲಿ ಬೇಳೆ ಬೇಯಿಸಿ, "ನೋಡು, ಬೆಣ್ಣೆ ಬೆಂದಂಗೆ ಬೆಂದೈತೆ! ನಮ್ಮೂರ ಬೋರಿನ ನೀರಲ್ಲಿ ಮೂರು ಹೊತ್ತು ಕುದಿಸಿದ್ರೂ ಬೇಯ್ತಿರಲಿಲ್ಲ" ಎಂದು ಬಡಿಸುತ್ತಿದ್ದರು. ಸುಳ್ಳು ಯಾಕೆ ಹೇಳಲಿ, ಆ ಸಾರು ಉಣ್ಣುವಾಗ ನನ್ನ ಕೋಪ ಉಳಿಯುತ್ತಿರಲಿಲ್ಲ.

ಹೋದ ವರ್ಷದ ಮಳೆಗಾಲ, ಒಂದು ಭಾನುವಾರ ಸೊಸೈಟಿ ಮೀಟಿಂಗು. ಯಾವಾಗಲೂ ಹೋಗುವ ಗಂಡನಿಗೆ ಆ ದಿನ ಕೆಲಸವಿತ್ತು, ನಾನು ಹೋದೆ. ಕೆಳಗೆ ಸ್ಕೂಟರ್ ನಿಲ್ಲಿಸುವ ಜಾಗದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು. ಹೊರಗೆ ಮಳೆ ಹಿಡಿದ ಹಟ ಬಿಟ್ಟಿರಲಿಲ್ಲ. ಸಿಸ್ಟರ್ ಎದ್ದು ನಿಂತು ಹಿಂದಿಯಲ್ಲಿ ಮಾತಾಡಿದರು, ನಡುನಡುವೆ ಉಬ್ಬಸ ತಡೆಯುತ್ತಿತ್ತು. ಟೆರೇಸು ಸೋರುತ್ತಿದೆ, ಹಾಸಿಗೆ ಒದ್ದೆ, ಗೋಡೆಯ ತೇವಕ್ಕೆ ಎದೆ ಕಟ್ಟಿದೆ, ಮಳೆ ಬಂದ ದಿನ ಕಣ್ಣು ಮುಚ್ಚಿಲ್ಲ. "ಈ ಸಲವೂ ರಿಪೇರಿ ಆಗದಿದ್ದರೆ ಮನೆ ಮಾರಿ ಊರಿಗೆ, ತಮ್ಮನ ಮನೆಗೆ ಹೋಗುತ್ತೇನೆ. ತಮ್ಮನಿಗೆ ಮಾತು ಕೊಟ್ಟಾಗಿದೆ" ಎಂದರು. ಆ ಮನೆ ಬಿಟ್ಟರೆ ಅವರದು ಎನ್ನುವುದು ಈ ಭೂಮಿ ಮೇಲೆ ಇನ್ನೊಂದಿರಲಿಲ್ಲ.

ಸೆಕ್ರೆಟರಿ ಕೆಟ್ಟ ಮನುಷ್ಯನಲ್ಲ. ಮೆತ್ತಗೇ ಹೇಳಿದರು. "ಸಿಸ್ಟರ್, ಪ್ರತಿ ವರ್ಷ ಇದೇ ಮಾತಾಗುತ್ತೆ. ಎರಡು ಮನೆಗೂ ಮೇಲಿರುವುದು ಒಂದೇ ಟೆರೇಸು. ಎದುರು ಮನೆಯವರು ಬಂದಾಗಿನಿಂದ ಒಂದು ಹನಿ ಬಿದ್ದಿದೆ ಎಂದು ಹೇಳಿದವರಲ್ಲ. ಅಂದಮೇಲೆ ತೊಂದರೆ ನಿಮ್ಮ ಮನೆಯೊಳಗಿನ ಪೈಪಿನದು. ಅದಕ್ಕೆ ಸೊಸೈಟಿ ಏನು ಮಾಡಲಿ?" ಎಲ್ಲರ ಕಣ್ಣು ನನ್ನ ಕಡೆ ತಿರುಗಿತು.

ಈ ಮಾತು ಇಷ್ಟು ವರ್ಷ ನಡೆಯುತ್ತಿದ್ದದ್ದು ನನಗೆ ಗೊತ್ತೇ ಇರಲಿಲ್ಲ. ಇವೆಲ್ಲ ಕಿವಿಗೆ ಬಿದ್ದರೂ ಗಂಡ ಬಾಯಿ ಬಿಟ್ಟಿರಲಿಲ್ಲವಲ್ಲ, ಆ ಲೆಕ್ಕ ಮನೆಗೆ ಬಂದ ಮೇಲೆ ಚುಕ್ತಾ ಮಾಡಿದೆ ಬಿಡಿ. "ನಮ್ಮದೂ ಸೋರುತ್ತೆ" ಎಂದೆ. ಯಾರೋ ನಕ್ಕರು. "ಇಷ್ಟು ವರ್ಷ ಇಲ್ಲದ್ದು ಇವತ್ತು ಹೇಗೆ ಸೋರಿತು? ಒಂದೇ ಭಾಷೆಯವರು ಅಂತಲಾ?" ಎಂದರು. "ಮಾತು ಬೇಡ, ಮೇಲೆ ಬನ್ನಿ" ಎಂದು ಎದ್ದೆ.

ಸೆಕ್ರೆಟರಿ, ಕಮಿಟಿಯ ನಾಲ್ಕು ಜನ, ಹಿಂದೆ ಏದುಸಿರು ಬಿಡುತ್ತ ಸಿಸ್ಟರ್. ನಾನು ಬೆಲ್ ಒತ್ತಿದೆ. ಕಡ್ಲೆಕಾಯಿ ಹುರಿಯುತ್ತಿದ್ದ ಅತ್ತೆ ಬಾಗಿಲು ತೆಗೆದು ಇಷ್ಟು ಜನರನ್ನು ಕಂಡು ಅರಳಿದರು. "ಬರ್ರಪ್ಪ, ಬರ್ರಿ! ಪಾತ್ರೆ ಎಡವೀರಾ, ನೋಡ್ಕಂಡು ಬರ್ರಿ."

ಸೋಫಾದ ಪಕ್ಕ ತಪ್ಪಲೆ, ಟೀವಿ ಮುಂದೆ ಬಕೆಟ್ಟು, ಮಂಚದ ಮೇಲೆ ಇಡ್ಲಿ ಪಾತ್ರೆ. ಹನಿ ಬೀಳುತ್ತಲೇ ಇತ್ತು. ಸೆಕ್ರೆಟರಿ ತಲೆಯೆತ್ತಿ ಸೂರು ನೋಡಿದರು, ಅವರ ಕನ್ನಡಕದ ಮೇಲೇ ಒಂದು ಹನಿ ಬಿತ್ತು. "ಇಷ್ಟಾದರೂ ದೂರು ಯಾಕೆ ಕೊಡಲಿಲ್ಲ, ಕೇಳಿ" ಎಂದರು. ಕೇಳಿದೆ.

ಅತ್ತೆಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಮಳೆ ಮೇಲೆ ದೂರು ಕೊಡ್ತಾರಾ ಯಾರಾದ್ರೂ? ಬರ್ದೇ ಇದ್ದಾಗ ಸಿಕ್ಕಸಿಕ್ಕ ದೇವ್ರಿಗೆಲ್ಲ ಕೈ ಮುಗಿದು ಕರ್ದಿದೀವಿ. ಈಗ ಬಂದೈತೆ. ಯಾಕ್ ಬಂದೆ ಅನ್ನಾಕಾಯ್ತದಾ?"

ನಾನು ಹಿಂದಿಯಲ್ಲಿ ಹೇಳಿದೆ. ಯಾರೂ ನಗಲಿಲ್ಲ. ಹೊಸ್ತಿಲಲ್ಲಿ ನಿಂತಿದ್ದ ಸಿಸ್ಟರ್ ಪಾತ್ರೆಗಳನ್ನೇ ನೋಡುತ್ತಿದ್ದರು. "ನೀವೂ ಇಷ್ಟು ವರ್ಷ ಹೀಗೇ ಇದ್ದದ್ದಾ? ಒಂದು ಮಾತು ಹೇಳ್ಬಾರ್ದಿತ್ತಾ ನಂಗೆ?" ಎಂದರು. ಅವರ ದನಿಯಲ್ಲಿ ಜಗಳವಿರಲಿಲ್ಲ, ಕಣ್ಣಲ್ಲಿ ನೀರಿತ್ತು.

"ಯಾಕಮ್ಮಿ ಅಳ್ತಾವ್ಳೆ?" ಎಂದು ಅತ್ತೆ ನನ್ನನ್ನು ಕೇಳಿದರು. ಹೇಳಿದೆ. ನಮ್ಮ ಮನೆ ಸೋರುತ್ತಿಲ್ಲ ಎಂದುಕೊಂಡು ಅವರ ಮಾತನ್ನು ಯಾರೂ ನಂಬಲಿಲ್ಲ, ಅದಕ್ಕೇ ಮನೆ ಮಾರಿ ಹೋಗುತ್ತಿದ್ದಾರೆ ಎಂದೆ. ಅತ್ತೆಯ ಮುಖ ಬಾಡಿತು. ಆಮೇಲೆ ಸೊಂಟಕ್ಕೆ ಸೆರಗು ಸಿಕ್ಕಿಸಿ ಸೆಕ್ರೆಟರಿ ಕಡೆ ತಿರುಗಿದರು.

"ನೋಡಪ್ಪಾ, ಮಳೆದೇನೂ ತಪ್ಪಿಲ್ಲ. ಅದ್ನ ನಾನು ಸತ್ರೂ ಬೈಯಲ್ಲ. ಮಾಳಿಗೆ ನಿಮ್ದು ನೆಟ್ಟಗಿಲ್ಲ, ಅದ್ಕೆ ಬೇಕಾದ್ರೆ ನೂರು ಬೈತೀನಿ. ನಮ್ಮೂರಾಗೆ ಮಣ್ಣಿನ ಮಾಳಿಗೆ. ಮಳೆಗಾಲ ಬರೋಕ್ ಮುಂಚೆ ಇಡೀ ಬೀದಿ ಹತ್ತಿ ಸೋರದಂಗೆ ಚೌಳು ಮಣ್ಣು ಹಾಕ್ತಿತ್ತು. ಗೋಡೆಗೆ ಗೋಡೆ ಅಂಟ್ಕಂಡಿರೋವಾಗ ಇವರ ಮಾಳಿಗೆ ಅವರ ಮಾಳಿಗೆ ಅಂತ ಯಾರೂ ಕೇಳ್ತಿರ್ಲಿಲ್ಲ. ಈಯಮ್ಮ ಊರಿಗೋಗಂಗಿಲ್ಲ. ಅಷ್ಟೇ."

ನಾನು ಹಿಂದಿಗೆ ತಿರುಗಿಸುವಾಗ "ನೂರು ಬೈತೀನಿ" ಎನ್ನುವುದನ್ನು ಬಿಟ್ಟೆ. ಸಿಸ್ಟರ್ ಅದನ್ನೂ ಸೇರಿಸಿ ಹೇಳಿದರು! ಸೆಕ್ರೆಟರಿ ಹುರಿದ ಕಡ್ಲೆಕಾಯಿ ತಿನ್ನುತ್ತಲೇ ತಲೆಯಾಡಿಸಿದರು. ಆ ವಾರವೇ ಟೆರೇಸಿನ ಮೇಲೆ ದಪ್ಪ ತಾಡಪಾಲು ಬಂತು. ತಾಡಪಾಲು ಎಳೆದು ಕಟ್ಟಲು ಮೊದಲ ಮಹಡಿಯವರೂ ಕೊಡೆ ಹಿಡಿದು ಹತ್ತಿ ಬಂದರು. ಚಳಿಗಾಲದಲ್ಲಿ ಹಳೇ ಗಾರೆ ಒಡೆದು ಹೊಸದಾಗಿ ಹಾಕಿದರು. ಆ ಕಟ್ಟಡದವರ ಋಣ ನಾನು ಯಾವ ಜನ್ಮದಲ್ಲಿ ತೀರಿಸಲಿ? ಹನಿ ಬೀಳದ ಮನೆಯವರು ಬಂದು ನಮಗಾಗಿ ಮಳೆಯಲ್ಲಿ ನೆಂದರು.

ಈ ವರ್ಷದ ಮೊದಲ ಮಳೆ ಮಧ್ಯಾಹ್ನ ಊಟವಾದ ಮೇಲೆ ಬಂತು. ಅತ್ತೆ ಬಾಲ್ಕನಿಗೆ ಕೊಡ ಇಟ್ಟರು, ಕುಂಕುಮ ಹಚ್ಚಿದರು. ಒಳಗೆ ಹಳೇ ಜಾಗದಲ್ಲೆಲ್ಲ ಅಭ್ಯಾಸಬಲದಿಂದ ಪಾತ್ರೆ ಇಟ್ಟು ಕಾದರು. ಒಂದೂ ತುಂಬಲಿಲ್ಲ. ಆಮೇಲೆ ಬಾಗಿಲ ಹತ್ತಿರ ಹೋಗಿ ಕಿವಿಗೊಟ್ಟು ನಿಂತರು.

"ಯಾಕೆ ಇನ್ನೂ ಬೈಲಿಲ್ಲ ಅವ್ಳು?"

ಗುಡುಗಿತು. ಎದುರು ಬಾಗಿಲು ತೆರೆಯಲಿಲ್ಲ. ನನಗೂ ಗಾಬರಿಯಾಯಿತು. ಉಬ್ಬಸದ ಮನುಷ್ಯೆ, ಒಂಟಿ. ಅತ್ತೆ ಬರಿಗಾಲಲ್ಲೇ ಹೋಗಿ ಬೆಲ್ ಒತ್ತಿದರು, ಬಾಗಿಲು ಬಡಿದರು, ಮತ್ತೆ ಒತ್ತಿದರು. ಕೊನೆಗೆ ಚಿಲಕ ಸರಿಯಿತು.

ಸಿಸ್ಟರ್ ಕೆದರಿದ ಕೂದಲಲ್ಲಿ ನಿಂತಿದ್ದರು. ಒಂದು ಕೆನ್ನೆಯ ಮೇಲೆ ದಿಂಬಿನ ಅಚ್ಚು ಮೂಡಿತ್ತು. ನಮ್ಮ ಬೆನ್ನ ಹಿಂದಿನ ಕಿಟಕಿಯಾಚೆ ಸುರಿಯುತ್ತಿದ್ದದ್ದನ್ನು ಕಣ್ಣು ಕಿರಿದು ಮಾಡಿ ನೋಡಿದರು.

"ಮಳೆ ಬಂತಾ?" ಎಂದರು. "ನಂಗೆ ಗೊತ್ತೇ ಆಗ್ಲಿಲ್ಲ."