ಸೀಟಿ ಊದುವ ತನಕ

ಓಡುವವರಿಗೆ ಎಷ್ಟು ದೂರ ಓಡಬೇಕೆಂದು ಮೊದಲೇ ಹೇಳಬಾರದು ಎಂಬುದು ನಮ್ಮ ಪಿ.ಟಿ. ಸರ್ ಅವರ ನಂಬಿಕೆ. ಶಹಾಪುರದ ಮೈದಾನದಲ್ಲಿ ಬೆಳಿಗ್ಗೆ ಸುತ್ತು ಹಾಕುವಾಗ ಯಾರೂ ಎಣಿಸುವಂತಿರಲಿಲ್ಲ, ಎಷ್ಟಾಯಿತೆಂದು ಕೇಳುವಂತೆಯೂ ಇರಲಿಲ್ಲ. ಕಣ್ಣು ಮುಂದಿನವರ ಬೆನ್ನ ಮೇಲಿರಬೇಕು. ಸೀಟಿ ಕೇಳಿತೆಂದರೆ ಅದು ಕೊನೆಯ ಸುತ್ತು. ಮೈಯಲ್ಲಿ ಉಳಿದದ್ದನ್ನೆಲ್ಲ ಸುರಿದು ಓಡಬೇಕು. ಭಾನುವಾರ ಕಾಲುವೆಯ ದಂಡೆ. ಅಲ್ಲಿ ಸರ್ ಮೋಟರ್ ಸೈಕಲ್ಲಿನಲ್ಲಿ ಮುಂದೆ ಹೋಗಿ ನಿಲ್ಲುತ್ತಿದ್ದರು. ಗಾಡಿ ಮುಟ್ಟಿ ವಾಪಸು ಬರುವುದು ನಮ್ಮ ಕೆಲಸ. ಇನ್ನೇನು ಮುಟ್ಟಬೇಕು ಅನ್ನುವಾಗ ಅವರು ಕಿಕ್ ಹೊಡೆದು ಮತ್ತಷ್ಟು ದೂರ ಹೋಗಿಬಿಡುತ್ತಿದ್ದರು. ಮೊದಮೊದಲು ಹುಡುಗರು ಒಳಗೊಳಗೇ ಬೈಯುತ್ತಿದ್ದರು. ಆಮೇಲೆ ಅದನ್ನೂ ಬಿಟ್ಟರು. ಸರ್ ಇದನ್ನೇ ತಯಾರಿ ಎಂದು ಕರೆಯುತ್ತಿದ್ದರು.

ಆ ಗುಂಪಿನಲ್ಲಿ ಎಲ್ಲರಿಗಿಂತ ನಿಧಾನವಾಗಿ ಓಡುತ್ತಿದ್ದವಳು ನಾನು. ಕಾಲೇಜಿನ ಪರವಾಗಿ ಚರ್ಚಾಸ್ಪರ್ಧೆಗಳಿಗೆ ಹೋಗಿ ಹೋಗಿ, ಯಾರು ಏನೇ ಹೇಳಲಿ, ಅದಕ್ಕೆ ಆಧಾರವೇನು ಎಂದು ಕೇಳುವ ಚಟ ಅಂಟಿತ್ತು. ಸರ್ ನನ್ನ ಕೈಗೆ ಸ್ಟಾಪ್‌ವಾಚ್ ಕೊಟ್ಟು ಸಹಾಯಕಿಯಾಗಿ ಮಾಡಿಕೊಂಡರು. ಹಾಗಾಗಿ ಆ ಮೈದಾನದಲ್ಲಿ ಎಣಿಸುವ ಹಕ್ಕು ಇದ್ದದ್ದು ನಮ್ಮಿಬ್ಬರಿಗೆ ಮಾತ್ರ. ಒಂದು ದಿನ ಎಲ್ಲರೆದುರೇ ಕೇಳಿಬಿಟ್ಟೆ.

"ಸರ್, ಎಷ್ಟ್ ಉಳದೈತಿ ಅನ್ನೂದ ಗೊತ್ತಿಲ್ಲಂದ್ರ ದಮ್ಮು ಹ್ಯಾಂಗ ಉಳಿಸಿಕೊಂಡು ಓಡಬೇಕ್ರಿ?"

"ಉಳಿಸಿಕೊಂತ ಕುಂದ್ರಾಂವ ಕಿರಾಣಿ ಅಂಗಡಿ ಇಡಬೇಕು. ಇನ್ನ ಇಷ್ಟ್ ಐತಿ ಅಂತ ತಿಳೀತಂದ್ರ ಮೊದಲ ತಲಿ ಸೋಲ್ತೈತಿ. ಕಾಲು ಸೋಲೂದು ಆಮ್ಯಾಲ."

ಇದನ್ನು ಪೂರ್ತಿ ಸುಳ್ಳೆನ್ನಲಾರೆ. ಉಳಿದ ಸುತ್ತುಗಳ ಲೆಕ್ಕ ಮನಸ್ಸಿಗೆ ಬಂದ ಗಳಿಗೆಯಲ್ಲೇ ನನ್ನ ಕಾಲುಗಳು ಭಾರವಾಗುತ್ತಿದ್ದುದು ನಿಜ. ಆದರೆ ವಾದದ ಅರ್ಧ ಭಾಗ ನಿಜವಾದರೆ ಇನ್ನರ್ಧವೂ ನಿಜವಾಗಬೇಕಿಲ್ಲ. ರೇಸಿನ ದಿನ ಸೀಟಿ ಯಾರು ಊದುತ್ತಾರೆ ಎಂದು ಕೇಳಿದೆ.

"ಅಲ್ಲಿ ಕಡೀ ಸುತ್ತಿಗೆ ಗಂಟಿ ಹೊಡೀತಾರ, ವಕೀಲಬಾಯಾರೇ. ನೀವು ನಿಮ್ಮ ವಾಚ್ ನೋಡ್ರಿ."

ಎಲ್ಲರೂ ನಕ್ಕರು. ವೇದಿಕೆಯ ಮೇಲಾದರೆ ಇದಕ್ಕೆ ಜಾರಿಕೊಳ್ಳುವುದು ಅನ್ನುತ್ತಾರೆ. ಮೈದಾನದಲ್ಲಿ ಶಿಸ್ತು ಅನ್ನುತ್ತಾರೆ.

ನಗದೆ ಇದ್ದವಳು ಸಗರದಿಂದ ಮೊದಲ ಬಸ್ಸಿಗೆ ಬರುತ್ತಿದ್ದ ಹುಡುಗಿ ಒಬ್ಬಳೇ. ನಮ್ಮಲ್ಲಿ ನಿಜವಾಗಿ ಓಡಬಲ್ಲವಳೆಂದರೆ ಅವಳು. ಯಾದಗಿರಿಯ ಜಿಲ್ಲಾ ಓಟದಲ್ಲಿ ಮೊದಲ ಇಬ್ಬರಲ್ಲಿ ಬಂದರೆ ರಾಜ್ಯಮಟ್ಟಕ್ಕೆ ಹೋಗಬಹುದು, ಆಗ ಕ್ರೀಡಾ ಹಾಸ್ಟೆಲ್ಲಿಗೂ ಸೇರಬಹುದು ಎಂದು ಅವಳ ಅಣ್ಣ ಒಪ್ಪಿದ್ದ. ಬಾರದಿದ್ದರೆ ಓಟ ಅಲ್ಲಿಗೇ ಬಂದ್. ಇದನ್ನು ಅವಳು ನನಗೆ ಹೇಳಿದ್ದು ಬಸ್ಸಿನ ವೇಳೆ ಹೇಳುವಷ್ಟು ಸಲೀಸಾಗಿ. ಸರ್ ಹೇಳಿದ ಮಾತನ್ನು ಅವಳು ಒಂದು ಸಲವೂ ಪ್ರಶ್ನಿಸಿದ್ದು ನಾನು ಕಾಣೆ. ಸೀಟಿ ಕೇಳಿತೆಂದರೆ ಅವಳು ಬೇರೆಯೇ ಆಗಿಬಿಡುತ್ತಿದ್ದಳು. ವಾಚ್ ಹಿಡಿದು ನಿಂತ ನನಗೇ ಭಯವಾಗುತ್ತಿತ್ತು.

ಯಾದಗಿರಿಯಲ್ಲಿ ಅವಳದು ಐದು ಸಾವಿರ ಮೀಟರ್ ಓಟ. ಬಿಸಿಲು ಏರಿತ್ತು. ಸುರಪುರದ ಹುಡುಗಿ ಮುಂದೆ, ನಮ್ಮವಳು ಅವಳ ಬೆನ್ನಿಗೆ. ಕಲಿಸಿದ ಹಾಗೆಯೇ ಕಣ್ಣು ಆ ಬೆನ್ನ ಮೇಲೆ. ಇನ್ನೂ ಮೂರು ಸುತ್ತು ಉಳಿದಿದ್ದವು. ಅಷ್ಟರಲ್ಲಿ ಯಾರೋ ನಾಲ್ಕು ಮಂದಿ ಟ್ರ್ಯಾಕ್ ದಾಟಲು ನುಗ್ಗಿದರು. ಅವರನ್ನು ಸರಿಸಲು ಒಬ್ಬ ಸ್ವಯಂಸೇವಕ ಜೋರಾಗಿ ಸೀಟಿ ಊದಿದ.

ಅವಳು ಹಾರಿದಳು.

ಇನ್ನೂ ಮೂರು ಐತಿ ಎಂದು ನಾನು ಕೂಗಿದೆ. ಕೇಳಿಸಿಕೊಳ್ಳಲಿಲ್ಲ, ಓಡುವಾಗ ಬದಿಯಲ್ಲಿ ನಿಂತವರ ಮಾತು ಕೇಳಬಾರದೆಂದು ಕಲಿತವಳು. ಪಕ್ಕದಲ್ಲಿ ಸರ್ ಕೊರಳಲ್ಲಿ ತೂಗುತ್ತಿದ್ದ ತಮ್ಮ ಸೀಟಿಯನ್ನು ಮುಟ್ಟಿ ನೋಡಿಕೊಂಡರು.

"ನಾ ಊದಿಲ್ಲ," ಅಂದರು, ಯಾರಿಗೂ ಅಲ್ಲದ ಹಾಗೆ.

ಆ ಸುತ್ತು ಮುಗಿಸಿ ಗೆರೆಗೆ ಬಂದಾಗ ಅವಳು ಎಲ್ಲರಿಗಿಂತ ಬಹಳ ಮುಂದಿದ್ದಳು. ನಿಲ್ಲು ಎಂದು ಯಾರೂ ಹೇಳಲಿಲ್ಲ. ಬೇರೆ ಹುಡುಗಿಯಾಗಿದ್ದರೆ ಅಲ್ಲೇ ಕುಸಿಯುತ್ತಿದ್ದಳು. ಇವಳಿಗೆ ಇದು ಹೊಸದಲ್ಲ. ಕಾಲುವೆ ದಂಡೆಯ ಮೇಲೆ ಗಾಡಿ ಮುಂದೆ ಹೋಗಿದೆ, ಅಷ್ಟೇ. ಅವಳನ್ನು ಕೆಡವಿದ್ದು ಸರ್ ಪಾಠ, ಆಮೇಲೆ ಓಡಿಸಿದ್ದೂ ಅದೇ ಪಾಠ. ನನ್ನ ವಾದ ಇಲ್ಲಿ ಇವತ್ತಿಗೂ ಎಡವುತ್ತದೆ. ನಿಜವಾದ ಗಂಟೆ ಬಾರಿಸಿದಾಗ ಅವಳಲ್ಲಿ ಸುರಿಯಲು ಏನೂ ಉಳಿದಿರಲಿಲ್ಲ. ಮೊದಲು ಸುರಪುರದವಳು ಅವಳನ್ನು ದಾಟಿದಳು. ಕೊನೆಯ ತಿರುವಿನಲ್ಲಿ ಇನ್ನೊಬ್ಬಳು ದಾಟಿದಳು.

ಗೆರೆ ಮುಟ್ಟಿದ ಮೇಲೂ ಅವಳು ನಿಲ್ಲಲಿಲ್ಲ. ಜನ ಕೂಗುತ್ತಿದ್ದರು, ಕೆಲವರು ನಗುತ್ತಿದ್ದರು. ನಾನು ಮೈದಾನಕ್ಕೆ ಅಡ್ಡವಾಗಿ ಓಡಿ ಎದುರು ಬದಿಯಲ್ಲಿ ಅವಳ ರಟ್ಟೆ ಹಿಡಿದುಕೊಂಡೆ. ಮೈ ಬೆಂಕಿಯ ಹಾಗೆ ಸುಡುತ್ತಿತ್ತು.

"ಮುಗೀತೇನ್ರಿ ಅಕ್ಕಾ?"

ಮುಗೀತು ಅಂದೆ.

"ಸರ್ ಊದಿಲ್ಲಲ್ರಿ."

ವಾಪಸು ಬರುವ ಬಸ್ಸಿನಲ್ಲಿ ಸರ್ ಕೂರಲು ಜಾಗವಿದ್ದರೂ ಬಾಗಿಲ ಹತ್ತಿರ ನಿಂತೇ ಬಂದರು. ಅವರಿಗೆ ಹೇಳಬೇಕಾದದ್ದೆಲ್ಲ ನನ್ನ ಬಾಯಲ್ಲಿ ಸಾಲಾಗಿ ನಿಂತಿತ್ತು. ಆದರೆ ವಾದಕ್ಕೆ ಎದುರಾಳಿ ಬೇಕು. ಅಲ್ಲಿ ಇದ್ದದ್ದು ಕಿಟಕಿಯಾಚೆ ನೋಡುತ್ತಿದ್ದ ಒಬ್ಬ ಮನುಷ್ಯ. ಶಹಾಪುರದಲ್ಲಿ ಇಳಿದು, ಅವಳ ತಲೆಯ ಮೇಲೆ ಒಮ್ಮೆ ಕೈಯಿಟ್ಟು ಹೊರಟುಹೋದರು.

ಅವಳನ್ನು ಒಬ್ಬಳೇ ಕಳಿಸಲು ಮನಸ್ಸಾಗದೆ ಸಗರದ ಬಸ್ಸನ್ನು ನಾನೂ ಹತ್ತಿದೆ. ಕಂಡಕ್ಟರ್ ಸೀಟಿ ಊದಿದಾಗಲೆಲ್ಲ ಅವಳ ಬಲಗಾಲು ಬಸ್ಸಿನ ನೆಲವನ್ನು ಒತ್ತುತ್ತಿತ್ತು. ಅವಳಿಗೆ ಅದು ಗೊತ್ತಿರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಕೇಳಿದಳು.

"ಅಕ್ಕಾ, ಖರೇ ಎಷ್ಟ್ ಸುತ್ತು ಇತ್ರಿ?"

"ಹನ್ನೆರಡೂವರಿ."

"ನಾ ಎಷ್ಟ್ ಓಡಿದೆ?"

"ಹದಿಮೂರು."

ಬೆರಳು ಮಡಚಿ ಲೆಕ್ಕ ಹಾಕಿದಳು. ಅವಳು ಎಣಿಸಿದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಅರ್ಧ ಸುತ್ತು ದಂಡ ಹೋತು ನೋಡ್ರಿ."

ಸಗರ ಬಂದು ಬಸ್ಸು ನಿಂತಿತು. ಅವಳು ಏಳಲಿಲ್ಲ. ನಿಮ್ಮೂರು ಬಂತು, ಇಳಿ ಎಂದು ನಾನೇ ಹೇಳಬೇಕಾಯಿತು. ಕೆಳಗೆ ಅವಳ ಅಣ್ಣ ಕಾದಿದ್ದ. ಎಷ್ಟನೇದು ಎಂದು ದೂರದಿಂದಲೇ ಕೈಸನ್ನೆ ಮಾಡಿ ಕೇಳಿದ. ಅವಳು ಮೂರು ಬೆರಳು ಎತ್ತಿದಳು. ಅವನು ಬೈಯಲಿಲ್ಲ. ಹತ್ತಿರ ಬಂದು, ಬೂಟು ಇದ್ದ ಚೀಲವನ್ನು ಅವಳ ಕೈಯಿಂದ ತೆಗೆದುಕೊಂಡು ಮುಂದೆ ನಡೆದ.