ಹೇಮಿಬಾಯಿ ಬರೆದ ಮರಳುಚುಕ್ಕಿ

ನಮ್ಮವ್ವ ಹೇಮಿಬಾಯಿಗೆ ಕೂತಲ್ಲಿ ಕೂರುವುದು ಗೊತ್ತೇ ಇರಲಿಲ್ಲ. ಊಟಕ್ಕೆ ಕೂತರೆ ತಾಟಿನಲ್ಲಿ ಉಳಿದ ಬೇಳೆಸಾರಿನಲ್ಲಿ ಬೆರಳಾಡಿಸಿ ಬಳ್ಳಿ ಬರೆಯುವಳು. ಬಸ್ಸಿಗೆ ಕಾಯುವಾಗ ಚಪ್ಪಲಿಯ ತುದಿಯಿಂದ ನೆಲದ ಮೇಲೆ ಚೌಕ ಎಳೆಯುವಳು. ಒಮ್ಮೆ ಅಪ್ಪ ಬೆನ್ನು ನೋವೆಂದು ಕವುಚಿ ಮಲಗಿದ್ದಾಗ ಎಣ್ಣೆ ಹಚ್ಚುತ್ತ ಹಚ್ಚುತ್ತ ಅವನ ಬೆನ್ನ ಮೇಲೇ ಹೂವಿನ ದಂಡೆ ಶುರು ಮಾಡಿಬಿಟ್ಟಿದ್ದಳು.

"ಏ, ತಿಕ್ಕು ಅಂದ್ರ ತಿಕ್ಕು. ನಾ ಏನ್ ಅರಿವಿ ಅಲ್ಲ," ಎಂದು ಅಪ್ಪ ಬೈದಿದ್ದ.

ಇಂಥವಳ ಮಗಳಾಗಿ ಹುಟ್ಟುವುದು ಸುಲಭವಲ್ಲ. ನಾನು ಸೌಂದರ್ಯಾ, ಒಬ್ಬಳೇ ಮಗಳು. ಆದರೂ ಅವ್ವನ ಗಮನದಲ್ಲಿ ನನ್ನ ಪಾಳಿ ಬರುತ್ತಿದ್ದುದು ಬಳ್ಳಿ, ಹಕ್ಕಿ, ಹೂವುಗಳೆಲ್ಲ ಮುಗಿದ ಮೇಲೆ.

ನಾವು ಬಿಜಾಪುರದ ಕಡೆಯ ತಾಂಡಾದ ಲಂಬಾಣಿಗಳು. ಅಕ್ಟೋಬರಿಗೆ ಗೋವಾಕ್ಕೆ ಬಂದು, ಬಾಗಾದ ಸಮುದ್ರದಂಡೆಯಲ್ಲಿ ಕಸೂತಿ ಚೀಲ, ದಿಂಬಿನ ಗವಸು ಮಾರಿ, ಮಳೆ ಹಿಡಿಯುವ ಮೊದಲು ತಿರುಗಿ ಹೋಗುತ್ತಿದ್ದೆವು. ಅಪ್ಪ ಗೋಪಪ್ಪ ಪರ್ವರಿಯ ಕಟ್ಟಡಗಳಲ್ಲಿ ಸೆಂಟ್ರಿಂಗ್ ಕೆಲಸಕ್ಕೆ ಹೋಗುತ್ತಿದ್ದ. ನಮ್ಮ ಓಣಿಯ ಬೇರೆ ಹೆಂಗಸರು ಎಳೆ ಎಣಿಸಿ ಹೊಲಿಯುವವರು. ಅವರಜ್ಜಿ ಹೊಲಿದ ಚೌಕ, ತ್ರಿಕೋನ ಬಿಟ್ಟು ಅವರ ಸೂಜಿ ಆಚೆ ಹೆಜ್ಜೆ ಇಡುತ್ತಿರಲಿಲ್ಲ. ಅವ್ವ ಮಾತ್ರ ಬರೆಯುವವಳು. ಮಾಪ್ಸಾದಲ್ಲಿ ಜರಿ ಕೆಲಸ ಮಾಡುವ ಶಹಾಬುದ್ದೀನ ಚಾಚಾನ ಹತ್ತಿರ ಕಲಿತಿದ್ದಳು. ತೆಳು ಬೆಣ್ಣೆಕಾಗದದ ಮೇಲೆ ಪೆನ್ಸಿಲಿನಿಂದ ಚಿತ್ರ ಬರೆಯಬೇಕು, ಗೆರೆಗುಂಟ ಸೂಜಿಯಿಂದ ತೂತು ಚುಚ್ಚಬೇಕು, ಬಟ್ಟೆಯ ಮೇಲಿಟ್ಟು ಸೀಮೆಎಣ್ಣೆಯಲ್ಲಿ ಕಲಸಿದ ನೀಲಿ ಒರೆಸಬೇಕು. ಚಿತ್ರ ಚುಕ್ಕಿಚುಕ್ಕಿಯಾಗಿ ಕೆಳಗೆ ಇಳಿಯುತ್ತದೆ. ಅವ್ವನ ಒಂದು ಕಾಗದದಿಂದ ಓಣಿಯ ಹತ್ತು ಹನ್ನೆರಡು ಮಂದಿ ಹೊಲಿಯುತ್ತಿದ್ದರು.

ಹಳೆಯ ಚಿತ್ರವೆಂದರೆ ಅವಳಿಗೆ ಹಳಸಿದ ಅನ್ನ. ನವೆಂಬರಿನಲ್ಲಿ ಗದ್ದೆ ಕೊಯ್ದ ಮೇಲೆ ಕೂಳೆಯ ಸಾಲಿನಲ್ಲಿ ನಿಂತ ಬೆಳ್ಳಕ್ಕಿಗಳನ್ನು ಬರೆದಳು. ಡಿಸೆಂಬರಿನಲ್ಲಿ ಕ್ರಿಶ್ಚಿಯನ್ನರ ಮನೆಮುಂದೆ ತೂಗುವ ನಕ್ಷತ್ರ ಬಂತು. ಫೆಬ್ರವರಿಗೆ ಗೋಡಂಬಿ ಹಣ್ಣು, ಕೆಳಗೆ ಜೋತ ಬೀಜದ ಸಮೇತ. ಅದು ಬಿಸಿಬಿಸಿಯಾಗಿ ಖರ್ಚಾಗುತ್ತಿದ್ದಾಗಲೇ ಇವಳಿಗೆ ಬೇಜಾರು. "ಸಾಕಾತು ಇದು, ಗಾಳಿ ಬದಲಾಗೈತಿ," ಎಂದು ಹೊರಗೆ ಎದ್ದು ಹೋಗುವಳು. ಒಲೆಯ ಮೇಲೆ ಅನ್ನ ಸೀದರೆ ಅದು ನನ್ನ ತಪ್ಪು.

೨೦೦೯ರ ಬೇಸಿಗೆಗೆ ನನ್ನ ಮದುವೆ ನಿಶ್ಚಯವಾಯಿತು. ನಮ್ಮಲ್ಲಿ ಮದುಮಗಳು ತಲೆಯ ಮೇಲೆ ನೀರಿನ ಕೊಡ ಹೊತ್ತು ನಡೆಯುವಾಗ ಸಿಂಬಿಯಿಂದ ಹಿಂದಕ್ಕೆ ಒಂದು ಕಸೂತಿ ಬಟ್ಟೆ ಇಳಿಬಿದ್ದಿರುತ್ತದೆ. ಅದಕ್ಕೆ ಗಣ್ಣೋ ಎನ್ನುತ್ತೇವೆ. ನಮ್ಮ ಮನೆತನದ ರಿವಾಜೆಂದರೆ, ಅದರ ಮೇಲಿನ ಕೆಲಸವನ್ನು ತಾಯಿ ಮಗಳೊಬ್ಬಳಿಗೇ ಎಂದು ಯೋಚಿಸಿ ಮಾಡಬೇಕು. ಅದು ಮತ್ತೆಲ್ಲೂ ಬರಬಾರದು. ನನಗೆ ಮದುವೆಯ ಬಂಗಾರದ ಆಸೆ ಅಷ್ಟಿರಲಿಲ್ಲ, ಖರೇ ಹೇಳುತ್ತೇನೆ. ಹತ್ತೊಂಬತ್ತು ವರ್ಷ ಊರವರಿಗೆಲ್ಲ ಬರೆದ ಕೈ ಒಮ್ಮೆಯಾದರೂ ನನಗೆಂದೇ ಬರೆಯಲಿ ಎಂಬುದೊಂದೇ ಆಸೆ.

ಅವ್ವ ಒಪ್ಪಿದಳು, ಒಪ್ಪಿದ ದಿನದಿಂದ ಹುಚ್ಚು ಹಿಡಿದವಳಂತಾದಳು. ಬರೆದಳು, ಹರಿದಳು. ಮುರುಗಲ ಹಣ್ಣು ಬೇಡ, ಅದನ್ನು ಯಾರು ಬೇಕಾದರೂ ಬರೆದಾರು. ಮಾವಿನಕಾಯಿ ಬೇಡ, ಅದು ಎಲ್ಲರ ಸೀರೆಯ ಮೇಲೂ ಇದೆ. ಮಾರ್ಚ್ ಬಂದರೂ ಬಟ್ಟೆ ಖಾಲಿ. ಹೊಲಿಯಬೇಕಾದವಳು ನಾನು, ದಿನ ಎಣಿಸುವವಳೂ ನಾನು.

ಒಂದು ಬೆಳಿಗ್ಗೆ ಮಾಲು ಹೊತ್ತು ದಂಡೆಗೆ ಹೊರಟಾಗ ಸಮುದ್ರ ಇಳಿದಿತ್ತು. ಅವ್ವ ಗಂಟನ್ನು ಧೊಪ್ಪೆಂದು ಕೆಳಗಿಟ್ಟು ಕುಕ್ಕರಗಾಲಲ್ಲಿ ಕೂತಳು. ಹಸಿ ಮರಳಿನಲ್ಲಿ ಉಗುರಿನಷ್ಟು ಸಣ್ಣ ಏಡಿಗಳು ಮರಳನ್ನು ಉಂಡೆ ಮಾಡಿ ಮಾಡಿ ಹಿಂದಕ್ಕೆ ಎಸೆಯುತ್ತಿದ್ದವು. ಪ್ರತಿ ಬಿಲದ ಸುತ್ತ ಸಾಸಿವೆಯಂಥ ಉಂಡೆಗಳು ಕಿರಣದಂತೆ ಸಾಲುಗಟ್ಟಿದ್ದವು. ಏಡಿ ಓಡಾಡಲು ಒಂದು ಕಡೆ ಮಾತ್ರ ಬರಿದಾದ ದಾರಿ. ದಿನಾ ತುಳಿದುಕೊಂಡು ಹೋಗುತ್ತಿದ್ದೆವು, ನೋಡಿರಲಿಲ್ಲ.

"ನೋಡ ಸೌಂದರ್ಯಾ, ಮನಿಗೆ ಹೋಗಾಕ ದಾರಿ ಬಿಟ್ಟೈತಿ," ಎಂದಳು. ಆ ದಿನ ಒಂದು ಚೀಲವೂ ಮಾರಲಿಲ್ಲ. ನೀರು ಏರಿ ಎಲ್ಲ ಅಳಿಸುವತನಕ ಅವಳು ಅಲ್ಲಿಂದ ಏಳಲಿಲ್ಲ.

ಮೂರು ದಿನದಲ್ಲಿ ಚಿತ್ರ ತಯಾರಾಯಿತು. ಕೆಂಪು ಬಟ್ಟೆಯ ಮೇಲೆ ಚುಕ್ಕಿಗಳ ಸುತ್ತು, ಪ್ರತಿ ಸುತ್ತಿಗೂ ಒಂದೇ ಒಂದು ಖಾಲಿ ದಾರಿ. ನಾನು ಬಿಳಿ ದಾರದಲ್ಲಿ ಗಂಟುಹೊಲಿಗೆ ಹಾಕುತ್ತ ಏಪ್ರಿಲ್ ಅರ್ಧ ಕಳೆದೆ. ಬೆರಳ ತುದಿಯೆಲ್ಲ ತೂತು. ಆದರೆ ಅಷ್ಟು ಸುಖವಾಗಿ ನಾನು ಎಂದೂ ಹೊಲಿದಿರಲಿಲ್ಲ.

ಏಪ್ರಿಲ್ ಕೊನೆಗೆ ದಂಡೆಯಲ್ಲಿ ಒಬ್ಬ ವಿದೇಶಿ ಹೆಂಗಸು ನನ್ನ ಮುಂದೆ ಹಾದು ಹೋದಳು. ಅವಳ ಹೆಗಲಲ್ಲಿ ತೂಗುವ ಚೀಲದ ಮೇಲೆ ನನ್ನ ಮದುವೆ ಇತ್ತು. ಅದೇ ಚುಕ್ಕಿ, ಅದೇ ಖಾಲಿ ದಾರಿ. ಸ್ವಲ್ಪ ದೂರದಲ್ಲಿ ಪಕ್ಕದ ಗುಡಿಸಲಿನ ಲಾಲಿಬಾಯಿ ಅಂಥವೇ ಆರು ಚೀಲ ಹರವಿಕೊಂಡು ಕೂತಿದ್ದಳು.

"ಇದು ಎಲ್ಲಿಂದ ಬಂತು?" ಎಂದೆ.

"ಕಾಗದ ನಿಮ್ಮವ್ವನ ಕೊಟ್ಟಾಳ. ಎಲ್ಲಾರೂ ಹೊಲ್ಯಾಕತ್ತೇವಿ. ಭಾಳ ಚಲೋ ಹೊಂಟೈತಿ, ಯಾಕ?"

ಲಾಲಿಬಾಯಿಯ ತಪ್ಪೇನಿತ್ತು? ನಾನು ಗುಡಿಸಲಿಗೆ ಓಡಿದೆ. ಕಾಗದ ತಪ್ಪಿ ಬೇರೆ ಗಂಟಿನಲ್ಲಿ ಸೇರಿರಬೇಕು, ಅವ್ವ ಹಾಗೆಯೇ ಹೇಳುತ್ತಾಳೆ, ನಾನು ಅತ್ತು ಸುಮ್ಮನಾಗುತ್ತೇನೆ ಎಂದುಕೊಂಡಿದ್ದೆ. ಅವ್ವ ಸುಳ್ಳು ಹೇಳಲಿಲ್ಲ.

"ಹೌದು, ನಾನ ಕೊಟ್ಟೇನಿ," ಎಂದಳು. "ಇಷ್ಟು ವರ್ಷ ಬರದದ್ದರಾಗ ಇದೊಂದ ನನ್ನ ಮನಸಿಗೆ ಬಂದೈತಿ. ಒಂದ ದಿನ ನಿನ್ನ ತಲಿ ಮ್ಯಾಲ, ಆಮ್ಯಾಲ ಪೆಟ್ಟಿಗ್ಯಾಗ. ಅದನ್ನ ನೋಡಾವರ ಯಾರು? ತಡಕೊಳ್ಳಾಕ ಆಗಲಿಲ್ಲ."

"ಹಂಗಾದ್ರ ನಾ ಯಾರು? ನಿನ್ನ ಗಿರಾಕಿ ಏನು?"

ಅವಳ ಬೆರಳು ಲಂಗದ ಅಂಚಿನ ಮೇಲೆ ಏನನ್ನೋ ಗೀಚುತ್ತಿತ್ತು. ಅದನ್ನು ಕಂಡು ನನ್ನ ಪಿತ್ತ ನೆತ್ತಿಗೇರಿತು. "ಅದು ನಂದು. ನಂದೊಬ್ಬಾಕೀದ ಆಗಬೇಕು. ಇಲ್ಲಾಂದ್ರ ಮದಿವ್ಯಾಗ ಬರೇ ತಲಿಮ್ಯಾಲ ಕೊಡ ಹೊರತೇನಿ. ಮಂದಿ ಕೇಳಿದ್ರ, ನಮ್ಮವ್ವ ನನಗೇನೂ ಮಾಡಿಕೊಟ್ಟಿಲ್ಲ ಅಂತ ಹೇಳತೇನಿ," ಎಂದು ಚೀರಿದೆ. ಓಣಿಗೆಲ್ಲ ಕೇಳಿತು.

ಅವ್ವ ಎದ್ದು ಬೆಣ್ಣೆಕಾಗದವನ್ನು ಒಲೆಗೆ ಹಾಕಿದಳು. ಸೀಮೆಎಣ್ಣೆ ಕುಡಿದ ಕಾಗದ, ಭಗ್ಗೆಂದು ಹೋಯಿತು. ಆಮೇಲೆ ಮನೆಮನೆಗೆ ಹೋಗಿ ಮಾರದೆ ಉಳಿದಿದ್ದ ಹನ್ನೊಂದು ಚೀಲ ತಂದಳು. ಅವುಗಳ ಬದಲಿಗೆ ಗೋಡಂಬಿ ಚಿತ್ರದ ಚೀಲಗಳನ್ನು ತಾನೇ ಹೊಲಿದುಕೊಡುವುದಾಗಿ ಒಪ್ಪಿಕೊಂಡಿದ್ದಳಂತೆ. ಬಾಗಿಲಲ್ಲಿ ಕೂತು, ಬ್ಲೇಡಿನ ಮೂಲೆಯಿಂದ ಒಂದೊಂದೇ ಗಂಟನ್ನು ಬಿಚ್ಚತೊಡಗಿದಳು.

ನಾಲ್ಕು ದಿನ ಬಿಚ್ಚಿದಳು. ಕೂತಲ್ಲಿ ಕೂರದವಳು ನಾಲ್ಕು ದಿನ ಕೂತಳು. ಬಿಳಿ ದಾರದ ಚೂರುಗಳು ಅವಳ ಮಡಿಲ ತುಂಬ. ಸಾಕು ಎಂಬ ಒಂದು ಮಾತು ನನ್ನ ಗಂಟಲಿಗೆ ಎಷ್ಟೋ ಸಲ ಬಂತು. ನಾನು ಹೇಳಲಿಲ್ಲ. ಹನ್ನೊಂದನೆಯದು ಮುಗಿಯುವವರೆಗೂ ಹೇಳಲಿಲ್ಲ, ಅಷ್ಟು ಸೊಕ್ಕು ನನಗೆ.

ಮೇ ತಿಂಗಳಲ್ಲಿ ತಾಂಡಾದಲ್ಲಿ ಮದುವೆಯಾಯಿತು. ಎರಡು ಕೊಡ ಹೊತ್ತು ನಡೆದೆ. ಹಿಂದೆ ಗಣ್ಣೋ ತೂಗುತ್ತಿತ್ತು. ಹೆಂಗಸರು ಹಾಡು ನಿಲ್ಲಿಸಿ ಬಟ್ಟೆ ಹಿಡಿದು ಹಿಡಿದು ನೋಡಿದರು. ಗಂಡನ ಅಕ್ಕ ದುರ್ಗಾಬಾಯಿ ಕಸೂತಿಯಲ್ಲಿ ಹೆಸರು ಮಾಡಿದವಳು. ಅವಳು ಅವ್ವನನ್ನು ಕೇಳಿದಳು, "ಇಂಥಾದ್ದು ನಾ ಎಲ್ಲೂ ನೋಡಿಲ್ಲ. ಯಾರು ಬರದಾರ್ರಿ ಇದನ್ನ?"

"ಯಾರೋ ಬರದಾರ. ನನಗ ಗೊತ್ತಿಲ್ರಿ," ಎಂದಳು ಅವ್ವ.

ತಲೆಯ ಮೇಲೆ ತುಂಬಿದ ಕೊಡ, ಕತ್ತು ತಿರುಗಿಸುವಂತಿಲ್ಲ. ಮುಂದಕ್ಕೆ ನೋಡುತ್ತಲೇ ಕೂಗಿದೆ, "ನಮ್ಮವ್ವ ಬರದಾಳ! ಈಕೀನ ಬರದಾಳ, ಹೇಮಿಬಾಯಿ!"

ಹೆಂಗಸರು ಅವಳ ಕಡೆ ತಿರುಗಿರಬೇಕು, ಬಳೆಗಳ ಸದ್ದು ಕೇಳಿತು. ಅವ್ವ ನನ್ನ ಬೆನ್ನ ಹಿಂದೆ ಬಂದು, ಮಡಚಿದ್ದ ಬಟ್ಟೆಯ ಅಂಚನ್ನು ಬಿಡಿಸಿ ಸರಿಮಾಡಿದಳು. ನನಗೊಬ್ಬಳಿಗೇ ಕೇಳುವಂತೆ ಹೇಳಿದಳು.

"ನಂದೊಬ್ಬಾಕೀದು ಅಂದಿಯಲ್ಲ. ನಿಂದ ಇರಲಿ ಬಿಡು. ಅದರಾಗ ನನ್ನ ಹೆಸರು ಯಾಕ?"

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಾನು ಇಷ್ಟು ವರ್ಷ ಉರಿಯುತ್ತಿರಲಿಲ್ಲ.